ಮಾಘದ ಕೊನೆಯಲ್ಲಿ ಯಾವ ಬೆಟ್ಟ?

(ಚಂದ್ರಬಂಡದಲ್ಲಿ ಚಾರಣಾಸಕ್ತ ಯುವಜನರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಹಿಂಗಾರಿ ಜೋಳದ ಕಟಾವು ಮುಗಿಯುತ್ತ ಬಂದಂತೆ, ಹೊಲದ ದುಡಿಮೆಯಿಂದ ಬಿಡುವು ದೊರೆತ ತರುಣರಿಗೂ, ಪರೀಕ್ಷೆಗೆ ಮೊದಲು ನಾಲ್ಕು ದಿನ ಉಸಿರಾಡಬೇಕೆನ್ನುವ ವಿದ್ಯಾರ್ಥಿಗಳಿಗೂ ಬೆಟ್ಟ ಹತ್ತುವ ಆಸೆ ಮೂಡುವುದು ಸಹಜ. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಕಲ್ಲುಗುಡ್ಡಗಳಿಗೆ ಅವುಗಳದೇ ಆದ ಚೆಲುವಿದೆ. ಆದರೆ ಎತ್ತರದ ಪರ್ವತ ಎಂದ ಕೂಡಲೇ ಮನಸ್ಸು ಸಹ್ಯಾದ್ರಿಯ ಕಡೆಗೆ ಹರಿಯುತ್ತದೆ. ಅದು ಇಲ್ಲಿಂದ ನಾನೂರು ಕಿಲೋಮೀಟರಿಗೂ ಆಚೆಗಿದೆ. ಕೈಯಲ್ಲಿರುವುದು ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಕಾಲವೋ ಮಾಘದ ಕೊನೆ. ಇಂಥ ಸಂದರ್ಭದಲ್ಲಿ ಯಾವ ಬೆಟ್ಟವನ್ನು, ಯಾವ ಆಧಾರದ ಮೇಲೆ ಆರಿಸಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಸಾಮಾನ್ಯವಾಗಿ ಚಾರಣಿಗರು ಮೊದಲು ಕೇಳುವ ಪ್ರಶ್ನೆ, ಯಾವುದು ಅತಿ ಎತ್ತರ ಎಂಬುದು. ಅದಕ್ಕೆ ಉತ್ತರ ಸುಲಭ. ಕರ್ನಾಟಕದಲ್ಲಿ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್, ಬಾಬಾಬುಡನ್‌ಗಿರಿ ಮತ್ತು ಕುದುರೆಮುಖ ಎರಡೂ 1890ರ ಆಸುಪಾಸು, ಕೊಡಗಿನ ತಡಿಯಂಡಮೋಳ್ 1748, ಕುಮಾರ ಪರ್ವತ 1712, ಕೊಡಚಾದ್ರಿ 1343. ಆದರೆ ಚಳಿಗಾಲದ ಕೊನೆಯಲ್ಲಿ, ಅದೂ ಸಮಯ ಕಡಿಮೆ ಇರುವಾಗ, ಈ ಪಟ್ಟಿಯಿಂದ ಆಯ್ಕೆ ಆರಂಭಿಸುವುದು ತಕ್ಕುದಲ್ಲ. ಮೊದಲು ಕೇಳಬೇಕಾದದ್ದು, ಬೆಟ್ಟವು ಈಗ ಎಷ್ಟು ಒಣಗಿದೆ ಎಂದು. ಎರಡನೆಯದು, ಬಿಸಿಲೇರುವ ಮೊದಲು ಹತ್ತಿ ಇಳಿಯಲು ಸಾಧ್ಯವೇ ಎಂದು. ಎತ್ತರದ ಪ್ರಶ್ನೆ ಬರಬೇಕಾದದ್ದು ಅದರ ನಂತರ.

ಬೆಟ್ಟದ ಮಾಘ

ಶಿವರಾತ್ರಿಗೆ ಚಳಿಯು ಶಿವ ಶಿವ ಎಂದು ಹೊರಟುಹೋಗುತ್ತದೆ ಎಂಬುದು ನಾಡಿನ ನಂಬಿಕೆ. ಬಯಲಿನಲ್ಲಿ ಇದರ ಅರ್ಥ ಕಂಬಳಿಯನ್ನು ಮಡಿಸಿಡುವುದು. ಸಹ್ಯಾದ್ರಿಯ ನೆತ್ತಿಯ ಮೇಲೆ ಇದರ ಅರ್ಥ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಕಾರವಾಗಿ ಮಳೆ ಸುರಿಯುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ 7000 ಮಿಲಿಮೀಟರಿಗೂ ಮೇಲೆ. ರಾಯಚೂರಿನದು ಅದರ ಹತ್ತನೆಯ ಒಂದು ಭಾಗದಷ್ಟೂ ಇಲ್ಲ. ಆದರೆ ಆ ಮಳೆ ನಿಂತ ಬಳಿಕ ಡಿಸೆಂಬರ್‌ನಿಂದ ಮುಂಗಾರಿನ ಮೊದಲ ಹನಿಗಳವರೆಗೆ ನೆತ್ತಿಯ ಹುಲ್ಲುಗಾವಲಿಗೆ ಬೀಳುವ ನೀರು ಅತ್ಯಲ್ಪ. ಆಳೆತ್ತರ ಬೆಳೆದ ಹುಲ್ಲು ತೆನೆ ಬಿಟ್ಟು, ಬೀಜ ಉದುರಿಸಿ, ನಿಂತಲ್ಲೇ ಒಣಗುತ್ತದೆ. ಮಲೆನಾಡಿನ ರೈತರು ಇದನ್ನು ಕರಡ ಎನ್ನುತ್ತಾರೆ. ದೂರದಿಂದ ಚಿನ್ನದ ಬಣ್ಣದಲ್ಲಿ ಹೊಳೆಯುವ ಆ ಇಳಿಜಾರುಗಳ ಚಿತ್ರಗಳೇ ಚಾರಣಿಗರನ್ನು ಸೆಳೆಯುವುದು. ರೈತನ ಕಣ್ಣಿಗೆ ಮಾತ್ರ ಅದು ಮೈಲುಗಟ್ಟಲೆ ಹರಡಿಟ್ಟ ಬಣವೆಯಂತೆ ಕಾಣುತ್ತದೆ. ಬಣವೆಗೆ ಕಿಡಿ ತಾಗಿದರೆ ಏನಾಗುತ್ತದೆ ಎಂಬುದನ್ನು ಚಂದ್ರಬಂಡದ ಯಾರಿಗೂ ವಿವರಿಸಬೇಕಾಗಿಲ್ಲ.

ಇಲ್ಲಿ ಎರಡು ವೈಜ್ಞಾನಿಕ ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಹುಲ್ಲಿನ ತೇವಾಂಶ. ಸತ್ತು ಒಣಗಿದ ಹುಲ್ಲಿನ ತೆಳುವಾದ ದಂಟು ಸುತ್ತಲ ಗಾಳಿಯ ತೇವವನ್ನು ಬಹುಬೇಗ ಹೀರುತ್ತದೆ, ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ಈ ಬದಲಾವಣೆಗೆ ಒಂದು ಗಂಟೆಯ ಆಸುಪಾಸು ಸಾಕು. ಹೀಗಾಗಿ ಬೆಳಿಗ್ಗೆ 7 ಗಂಟೆಗೆ ಇಬ್ಬನಿಯಲ್ಲಿ ನೆನೆದು ಕಾಲಿಗೆ ತಂಪೆನಿಸಿದ ಅದೇ ಹುಲ್ಲು, ಮಧ್ಯಾಹ್ನ 1 ಗಂಟೆಗೆ ಒಂದು ಬೀಡಿಯ ತುಂಡಿಗೆ ಹೊತ್ತಿಕೊಳ್ಳಬಲ್ಲದು. ಎರಡನೆಯದು ಇಳಿಜಾರು. ಬೆಂಕಿಯ ಜ್ವಾಲೆ ಮೇಲ್ಮುಖವಾಗಿ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿ ಏರುವ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ಆರಿಸುವವರು ಬಳಸುವ ಲೆಕ್ಕ. ಇದರ ಜೊತೆಗೆ ಹಗಲು ಬಿಸಿಲೇರಿದಂತೆ ಕಣಿವೆಯ ಗಾಳಿಯೂ ಮೇಲಕ್ಕೇ ಬೀಸುತ್ತದೆ. ಕಡಿದಾದ ಇಳಿಜಾರಿನಲ್ಲಿ ಮನುಷ್ಯ ಗಂಟೆಗೆ ಎರಡು ಕಿಲೋಮೀಟರು ಹತ್ತಿದರೆ ಹೆಚ್ಚು. ಮೇಲಕ್ಕೆ ಓಡಿ ಬೆಂಕಿಯಿಂದ ಪಾರಾಗುವುದು ಆಗದ ಮಾತು.

ಇದು ಬರಿಯ ಊಹೆಯಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಒಣ ಹುಲ್ಲಿನ ಇಳಿಜಾರಿನಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಾರಾಂತ್ಯದ ಬಿಡುವಿನಲ್ಲಿ ನಗರಗಳಿಂದ ಬಂದ ತರುಣ ತರುಣಿಯರು. ಸಮಯದ ಅಭಾವ ಅವರಿಗೂ ಇತ್ತು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯಲ್ಲಿಯೂ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಯಿತು. ಈ ಘಟನೆಗಳೆಲ್ಲ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿಯೇ ನಡೆದವು ಎಂಬುದನ್ನು ಮರೆಯಬಾರದು.

ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು. ಇಂದಿನ ಅಳತೆಗೆ ಹೊಂದಿಸಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರು ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರು ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ, ರೂಢಿಯುಳ್ಳ ನಡಿಗೆಗಾರನ ಲೆಕ್ಕ. ಸಮತಟ್ಟಾದ ನೆಲದಲ್ಲಿ ಬೆಳೆದು ಮೊದಲ ಬಾರಿಗೆ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತುವವರು ಇದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಹೊಲದಲ್ಲಿ ದಿನವಿಡೀ ದುಡಿಯುವ ದೇಹಕ್ಕೆ ಶಕ್ತಿಯ ಕೊರತೆ ಇಲ್ಲದಿರಬಹುದು. ಆದರೆ ಏರುವ ಸ್ನಾಯುಗಳು ಬೇರೆ, ಇಳಿಯುವಾಗ ಮೊಣಕಾಲು ಹೊರುವ ಭಾರವೂ ಬೇರೆ.

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತಕ್ಕೆ ಈ ಲೆಕ್ಕವನ್ನು ಅನ್ವಯಿಸಿ ನೋಡಬಹುದು. ಹೋಗಿ ಬರಲು ಸುಮಾರು 25 ಕಿಲೋಮೀಟರು, ಏರಿಕೆ ಸುಮಾರು 1600 ಮೀಟರು. ಸೂತ್ರದ ಪ್ರಕಾರ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ಒಂದೂವರೆ ಪಟ್ಟಾದರೆ ಹನ್ನೆರಡು ಗಂಟೆಯ ಸಮೀಪ. ಫೆಬ್ರವರಿಯ ಕೊನೆಯಲ್ಲಿ ಇಡೀ ಹಗಲಿನ ಅವಧಿಯೇ ಹನ್ನೆರಡು ಗಂಟೆಗೆ ಕೊಂಚ ಕಡಿಮೆ. ಊಟ, ವಿಶ್ರಾಂತಿ, ಕಾಲು ಉಳುಕಿದವನ ಜೊತೆ ನಿಧಾನವಾಗಿ ಇಳಿಯುವುದು, ಇವಕ್ಕೆಲ್ಲ ಉಳಿಯುವ ಸಮಯ ಸೊನ್ನೆ. ಮೇಲಾಗಿ ಆ ನಡಿಗೆಯ ಬಹುಭಾಗ ನಡುಹಗಲಿನ ಬಿಸಿಲಿನಲ್ಲಿ, ತೆರೆದ ಹುಲ್ಲಿನ ನಡುವೆ ನಡೆಯುತ್ತದೆ. ಒಂದು ಹಗಲಷ್ಟೇ ಕೈಯಲ್ಲಿರುವವರಿಗೆ ಈ ಹಾದಿ ಸಲ್ಲದು.

ಕುದುರೆಮುಖವನ್ನು ಮುಳ್ಳೋಡಿಯ ಕಡೆಯಿಂದ ಹತ್ತುವವರು ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರು ನಡೆಯಬೇಕು. ಹೊಸಬರಿಗೆ ಎಂಟರಿಂದ ಒಂಬತ್ತು ಗಂಟೆ ಬೇಕು. ಹಗಲಿನೊಳಗೆ ಮುಗಿಯುತ್ತದೆ, ಆದರೆ ಮಧ್ಯಾಹ್ನಕ್ಕೆ ಮುಂಚೆ ಮುಗಿಯುವುದಿಲ್ಲ. ತಡಿಯಂಡಮೋಳ್ ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಟರೆ ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಕೇಳುವ ಒಳ್ಳೆಯ ಹಾದಿ. ಆದರೆ ರಾಯಚೂರಿನವರಿಗೆ ಕೊಡಗು ರಾಜ್ಯದ ಇನ್ನೊಂದು ತುದಿ. ಮೂರು ದಿನಗಳಲ್ಲಿ ಎರಡನ್ನು ಬಸ್ಸಿನ ಸೀಟಿಗೆ ಒಪ್ಪಿಸಿ, ನಿದ್ದೆಗೆಟ್ಟ ದೇಹದಿಂದ ಬೆಟ್ಟ ಹತ್ತಬೇಕಾಗುತ್ತದೆ. ಮುಳ್ಳಯ್ಯನಗಿರಿಗೆ ಸರ್ಪದಾರಿಯಿಂದ ಸುಮಾರು 4 ಕಿಲೋಮೀಟರು. ಬೆಳಕು ಹರಿಯುವಾಗ ಹೊರಟರೆ ಹೊಸಬರೂ ಎರಡು ಎರಡೂವರೆ ಗಂಟೆಯಲ್ಲಿ ನೆತ್ತಿ ಮುಟ್ಟಿ, ಹುಲ್ಲಿನ ಇಬ್ಬನಿ ಪೂರ್ತಿ ಆರಿ ಬಿಸಿಲು ಬಲಿಯುವ ಮೊದಲೇ ಇಳಿಯಬಹುದು. ನೆತ್ತಿಯ ಸಮೀಪದವರೆಗೆ ರಸ್ತೆ ಇರುವುದನ್ನು ಕೆಲವರು ಕೊರತೆಯೆಂದು ಭಾವಿಸುತ್ತಾರೆ. ಸಮಯ ಕಡಿಮೆ ಇರುವಾಗ, ತಂಡದಲ್ಲಿ ಒಬ್ಬರಿಗೆ ಅಸ್ವಸ್ಥತೆಯಾದರೆ, ಆ ರಸ್ತೆಯೇ ಅನುಕೂಲ.

ಹಿಮಾಲಯದ ಆಸೆ

ಇತ್ತೀಚಿನ ವರ್ಷಗಳಲ್ಲಿ ನಾಲ್ಕೈದು ದಿನಗಳಲ್ಲಿ ಹಿಮದ ಶಿಖರ ತೋರಿಸಿಕೊಂಡು ಬರುತ್ತೇವೆ ಎನ್ನುವ ಜಾಹೀರಾತುಗಳು ರಾಯಚೂರನ್ನೂ ತಲುಪಿವೆ. ಉತ್ತರಾಖಂಡದ ಕೇದಾರಕಂಠ ಚಳಿಗಾಲದಲ್ಲಿ ಹತ್ತುವ ಬೆಟ್ಟವೆಂದು ಹೆಸರಾಗಿದೆ. ಅದರ ಎತ್ತರ ಸುಮಾರು 3800 ಮೀಟರು. ರಾಯಚೂರು ಇರುವುದು ಸಮುದ್ರಮಟ್ಟದಿಂದ ಸುಮಾರು 400 ಮೀಟರಿನಲ್ಲಿ. ಸುಮಾರು 3000 ಮೀಟರು ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಸಲಹೆ. ರಕ್ತವು ತೆಳುಗಾಳಿಗೆ ಹೊಂದಿಕೊಳ್ಳಲು ದಿನಗಳೇ ಬೇಕು. ಯೌವನವಾಗಲಿ ಹುಮ್ಮಸ್ಸಾಗಲಿ ಅದನ್ನು ಬೇಗ ಮಾಡಿಸಲಾರವು. 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಠಾತ್ತನೆ ಕೆಟ್ಟ ಹವಾಮಾನಕ್ಕೆ ಸಿಕ್ಕಿ ಅಸುನೀಗಿದರು. ಅದು ಬೇಸಿಗೆ, ಫೆಬ್ರವರಿಯ ಹಿಮದಲ್ಲಿ ಅಪಾಯಕ್ಕೆ ಇನ್ನೂ ಹಲವು ದಾರಿಗಳಿವೆ. ಹಿಮಾಲಯಕ್ಕೆ ಹೋಗಬಾರದೆಂದಲ್ಲ. ಹತ್ತು ಹನ್ನೆರಡು ದಿನಗಳ ಬಿಡುವು, ತಿಂಗಳುಗಳ ತಯಾರಿ ಕೂಡಿಬಂದಾಗ ಹೋಗಬೇಕು.

ಹೊರಡುವ ಮುನ್ನ

ಬೆಂಕಿಯ ಕಾಲದಲ್ಲಿ ಅರಣ್ಯ ಇಲಾಖೆ ಕುದುರೆಮುಖ, ಕುಮಾರ ಪರ್ವತ ಮೊದಲಾದ ಹಾದಿಗಳನ್ನು ಮುಚ್ಚುವುದುಂಟು. ಮುಚ್ಚುವ ದಿನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ನೆರೆದುದನ್ನು ರಾಜ್ಯವೇ ನೋಡಿತು. ಅದರ ಬೆನ್ನಲ್ಲೇ ಸರ್ಕಾರ ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ನೋಂದಣಿ ನಡೆಯುತ್ತದೆ. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೂ 2025ರ ಸೆಪ್ಟೆಂಬರ್‌ನಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿತು. ಆದುದರಿಂದ ಬಸ್ಸಿನ ಟಿಕೆಟ್ಟಿಗಿಂತ ಮೊದಲು ಅನುಮತಿ. ಮುಚ್ಚಿದ ಹಾದಿಯನ್ನು ಸ್ಥಳೀಯರೊಬ್ಬರ ಕೈಗೆ ಹಣವಿತ್ತು ಹಿಂಬದಿಯಿಂದ ಹತ್ತುವ ಚಾಳಿಯೂ ಇದೆ. ಹಾಗೆ ಹೋದವರು ಬೆಂಕಿಗೆ ಸಿಕ್ಕರೆ, ಅವರು ಅಲ್ಲಿದ್ದಾರೆಂಬುದೇ ಯಾರಿಗೂ ತಿಳಿಯುವುದಿಲ್ಲ.

ನೀರಿನ ವಿಷಯ. ಮಳೆಗಾಲದ ಚಿತ್ರಗಳಲ್ಲಿ ಕಾಣುವ ಝರಿಗಳು ಫೆಬ್ರವರಿಯಲ್ಲಿ ಇರುವುದಿಲ್ಲ, ಇದ್ದರೂ ಕಲ್ಲಿನ ಸಂದಿಯಲ್ಲಿ ಹನಿಯುತ್ತಿರುತ್ತವೆ. ಸಾವಿರ ಮೀಟರು ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ರಾಯಚೂರಿನಲ್ಲಿ 35 ಡಿಗ್ರಿ ಇದ್ದ ಹೊತ್ತಿಗೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 25ರ ಸುಮಾರು ಇರಬಹುದು. ಈ ತಂಪೇ ಮೋಸ ಮಾಡುತ್ತದೆ. ಗಾಳಿ ಬೆವರನ್ನು ಕೂಡಲೇ ಆರಿಸುವುದರಿಂದ ದೇಹ ನೀರು ಕಳೆದುಕೊಳ್ಳುತ್ತಿರುವುದು ತಿಳಿಯದು. ಅರ್ಧ ದಿನದ ಹಾದಿಗೆ ತಲಾ ಮೂರು ಲೀಟರು ನೀರು ಒಯ್ಯಬೇಕು. ಖಾಲಿ ಬಾಟಲಿ ಮರಳಿ ಊರಿಗೆ ಬರಬೇಕು.

ಬಯಲುಸೀಮೆಯವರಿಗೆ ಹೆಚ್ಚು ಪರಿಚಯವಿಲ್ಲದ ಇನ್ನೊಂದು ಅಪಾಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಈ ಜ್ವರವು ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆ. ಅದರ ಕಾಲವೂ ಡಿಸೆಂಬರ್‌ನಿಂದ ಮೇವರೆಗೆ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಇಳಿದ ಮೇಲೆ ಬಿಸಿನೀರಿನ ಸ್ನಾನ, ಇವು ಸಾಮಾನ್ಯ ಎಚ್ಚರಿಕೆಗಳು. ತರಗೆಲೆಯ ಮೇಲೆ ಮಲಗಬಾರದು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರಿಗೆ ಮರಳಿದ ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಮಲೆನಾಡಿನ ಪ್ರವಾಸದ ಸಂಗತಿ ಹೇಳಲೇಬೇಕು; ಹೇಳದಿದ್ದರೆ ರಾಯಚೂರಿನ ವೈದ್ಯರಿಗೆ ಆ ಕಾಯಿಲೆಯ ಸಂಶಯ ಬರುವ ಸಂಭವ ಕಡಿಮೆ.

ಬೆಂಕಿಯ ಬಗ್ಗೆ ನಿಯಮ ಒಂದೇ: ಕಡ್ಡಿಪೆಟ್ಟಿಗೆ, ಲೈಟರ್, ಬೀಡಿ, ಒಲೆ ಯಾವುದೂ ಚೀಲದಲ್ಲಿ ಇರಕೂಡದು. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಸಾಕು. ಈ ನಾಡಿನ ಊಟ ಕಾಯಿಸದೆ ನಾಲ್ಕು ದಿನ ಕೆಡದು. ಕಾಡಿನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ದೂರದಲ್ಲಿ ಹೊಗೆ ಕಂಡರೆ ಚಾರಣ ಅಲ್ಲಿಗೇ ಮುಗಿಯಿತೆಂದು ತಿಳಿದು, ಗಾಳಿಯ ದಿಕ್ಕು ನೋಡಿ, ಬಂದ ಹಾದಿಯಲ್ಲಿ ಇಳಿಯಬೇಕು. ಹಾದಿ ಕಟ್ಟಿಹೋದರೆ ಬರಿಯ ಬಂಡೆಯನ್ನೋ, ಆಗಲೇ ಸುಟ್ಟು ಕಪ್ಪಾದ ನೆಲವನ್ನೋ ಅಡ್ಡಲಾಗಿ ಸರಿದು ಸೇರಬೇಕು. ಇಳಿಜಾರಿನ ಮೇಲ್ಮುಖವಾಗಿ ಓಡಬಾರದು.

ನೆತ್ತಿಯ ಹುಲ್ಲು, ನಾಲೆಯ ನೀರು

ಇಷ್ಟೆಲ್ಲ ಎಚ್ಚರ ಚಾರಣಿಗನ ಪ್ರಾಣಕ್ಕಾಗಿ ಮಾತ್ರವಲ್ಲ. ರಾಯಚೂರು ಜಿಲ್ಲೆಯ ಉತ್ತರಕ್ಕೆ ಹರಿಯುವ ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ದಕ್ಷಿಣದ ತುಂಗಭದ್ರೆಯ ಎರಡೂ ತಾಯಿಹೊಳೆಗಳು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ಅಂದರೆ ಈ ನಾಡಿನ ಎರಡು ಅಂಚುಗಳ ನೀರೂ ಸಹ್ಯಾದ್ರಿಯದೇ. ಚಂದ್ರಬಂಡದ ಹೊಲಗಳಿಗೆ ನಾಲೆಯ ನೀರು ತಲುಪಲಿ ಬಿಡಲಿ, ಮಾನ್ವಿ, ಸಿಂಧನೂರುಗಳ ಭತ್ತ ನಿಂತಿರುವುದು ತುಂಗಭದ್ರಾ ಎಡದಂಡೆ ನಾಲೆಯ ಮೇಲೆ.

ಸಹ್ಯಾದ್ರಿಯ ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಲಲ್ಲಿ ಶೋಲಾ ಕಾಡು. ಹುಲ್ಲಿನ ಬೇರಿನ ಜಾಲವು ಮಣ್ಣನ್ನು ಹಿಡಿದಿಟ್ಟು ಮಳೆನೀರನ್ನು ಒಳಕ್ಕೆ ಬಿಡುತ್ತದೆ. ಶೋಲಾ ಅದನ್ನು ತಿಂಗಳುಗಟ್ಟಲೆ ಹನಿಹನಿಯಾಗಿ ಹೊಳೆಗೆ ಕೊಡುತ್ತದೆ. ಹುಲ್ಲು ಬೆಂಕಿಯನ್ನು ತಾಳಿಕೊಳ್ಳಬಲ್ಲ ಸಸ್ಯ ಎಂಬುದು ನಿಜ. ಆದರೆ ವರ್ಷ ವರ್ಷವೂ ಬೇಸಿಗೆಯ ಒಣ ಹೊತ್ತಿನಲ್ಲಿ ಬೀಳುವ ಬೆಂಕಿ ಶೋಲಾದ ಅಂಚನ್ನು ಕೊರೆಯುತ್ತ ಹೋಗುತ್ತದೆ, ನೆಲವನ್ನು ಬೆತ್ತಲೆ ಮಾಡುತ್ತದೆ. ಮೊದಲ ಮಳೆಗೆ ಬೂದಿಯೂ ಮೇಲ್ಮಣ್ಣೂ ಹೊಳೆಗಿಳಿಯುತ್ತವೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಇದ್ದದ್ದು ಹೂಳು ತುಂಬಿ ಸುಮಾರು 105.8ಕ್ಕೆ ಇಳಿದಿದೆ. ಆ ಹೂಳೆಲ್ಲ ಬೆಟ್ಟದ ಬೆಂಕಿಯಿಂದ ಬಂದದ್ದಲ್ಲ. ಗಣಿಗಾರಿಕೆ, ಕಾಡುನಾಶ, ತಪ್ಪು ಉಳುಮೆ ಎಲ್ಲದರ ಪಾಲೂ ಅದರಲ್ಲಿದೆ. ಭದ್ರೆಯ ತಲೆಯ ಮೇಲಿದ್ದ ಕುದುರೆಮುಖದ ಕಬ್ಬಿಣದ ಗಣಿಯನ್ನು ದೀರ್ಘ ಹೋರಾಟದ ಬಳಿಕ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ, 2005ರ ಕೊನೆಗೆ ನಿಲ್ಲಿಸಲಾಯಿತು. ಗಣಿಯಿಂದ ಉಳಿಸಿಕೊಂಡ ಆ ಬೆಟ್ಟ ಚಾರಣಿಗನ ಬೀಡಿಯಿಂದ ಸುಡಬಾರದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾಲೆಯ ಕೊನೆಯ ರೈತರವರೆಗೆ ಎಲ್ಲರೂ ಕಳವಳಗೊಂಡರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಬೆಟ್ಟದ ಮಡಿಲಿನ ಶೋಲಾ ಸುಟ್ಟರೆ ಅಂಥ ಗೇಟನ್ನು ಯಾವ ಕಾರ್ಖಾನೆಯೂ ತಯಾರಿಸಿ ಕೊಡದು.

ಹಾಗಾದರೆ ಯಾವ ಬೆಟ್ಟ?

ಮೂರು ದಿನ ಕೈಯಲ್ಲಿದ್ದು, ಮಾಘದ ಕೊನೆಯಲ್ಲಿಯೇ ಹೋಗಬೇಕೆನ್ನುವ ತಂಡಕ್ಕೆ ಮುಳ್ಳಯ್ಯನಗಿರಿ ಸೂಕ್ತ. ಮೊದಲ ದಿನ ಪ್ರಯಾಣ ಮಾಡಿ ಚಿಕ್ಕಮಗಳೂರಿನಲ್ಲಿ ರಾತ್ರಿ ಪೂರ್ತಿ ನಿದ್ದೆ, ಎರಡನೆಯ ದಿನ ಬೆಳಕು ಹರಿಯುವಾಗ ಸರ್ಪದಾರಿಯಿಂದ ಏರಿಕೆ, 11 ಗಂಟೆಯೊಳಗೆ ಇಳಿತ, ಮೂರನೆಯ ದಿನ ಮರುಪ್ರಯಾಣ. ರಜಾದಿನಗಳ ಜನಜಂಗುಳಿಯನ್ನು ತಪ್ಪಿಸಿ ವಾರದ ನಡುವೆ ಹೋಗುವುದು ಮೇಲು. ನಾಲ್ಕನೆಯ ದಿನ ದೊರೆತು, ಹಾದಿ ತೆರೆದಿದ್ದು, ಆ ವರ್ಷ ಹಿಂಗಾರು ಮಳೆ ತಡವಾಗಿ ಬಿದ್ದು ಹುಲ್ಲಿನಲ್ಲಿ ಇನ್ನೂ ಹಸಿರಿದ್ದರೆ ಮಾತ್ರ ಕುದುರೆಮುಖವನ್ನು ಯೋಚಿಸಬಹುದು. ಎರಡೇ ದಿನ ಇರುವವರಿಗೆ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸಂಡೂರಿನ ಬೆಟ್ಟಸಾಲು ಇದೆ. ಸುಮಾರು ಸಾವಿರ ಮೀಟರಿನ ಎತ್ತರ, ಬ್ರಿಟಿಷರ ಕಾಲದ ರಾಮನದುರ್ಗ, ಜೊತೆಗೆ ಗಣಿಯು ಒಂದು ಬೆಟ್ಟಕ್ಕೆ ಏನು ಮಾಡಬಲ್ಲದು ಎಂಬ ಕಣ್ಣೆದುರಿನ ಪಾಠ. ಅಲ್ಲಿಯೂ ಬೆಂಕಿಯ ನಿಯಮ, ಅನುಮತಿಯ ನಿಯಮ ಇವೇ.

ಹಾದಿ ಮುಚ್ಚಿದೆಯೆಂದು ತಿಳಿದರೆ ದಸರೆಯ ರಜೆಯ ಬಳಿಕ, ಡಿಸೆಂಬರ್‌ಗೆ ಮುನ್ನ ಹೋಗುವುದು ಒಳ್ಳೆಯದು. ಆಗ ಹುಲ್ಲು ಹಸಿರಾಗಿ, ಝರಿಗಳು ತುಂಬಿ, ಉಣುಗಿನ ಕಾಟವೂ ಕಡಿಮೆ ಇರುತ್ತದೆ. ಅಂದು ಗಂಗಾಮೂಲದ ಸೀಮೆಯಲ್ಲಿ ಕಾಣುವ ನೀರು, ಸಿಂಧನೂರಿನ ಗದ್ದೆಗೆ ಮುಂದೆಂದೋ ಬಂದು ಸೇರುವ ನೀರೇ ಆಗಿರುತ್ತದೆ. ಯುವಜನರು ಬೆಟ್ಟವನ್ನು ಆ ನಂಟಿನಿಂದ ನೋಡಲೆಂದು ಹಾರೈಸುತ್ತ ಈ ಮಾತುಗಳನ್ನು ಮುಗಿಸಲಾಗುತ್ತಿದೆ.